ಅತ್ತೆ ಕೇಳಿದ ಸಂದೇಹ

ಹಳೆಯ ಕಾವ್ಯದ ಪಾಠ ಶುರುವಾಗುವ ದಿನ ತರಗತಿಯಲ್ಲಿ ಯಾರಾದರೊಬ್ಬರು ಗೈಡಿನಿಂದ ಉರು ಹೊಡೆದ ಸಾಲನ್ನು ಒಪ್ಪಿಸುತ್ತಾರೆ. ಮನುಷ್ಯ ಆಸೆಯನ್ನು ಗೆಲ್ಲಬೇಕು ಎಂಬುದೇ ಈ ಕಾವ್ಯದ ಸಂದೇಶ, ಅಂತ. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಆ ಸಾಲು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕವಿಗೆ ಆಸೆಯ ಮೇಲೆ ಅಷ್ಟೊಂದು ಕೋಪವಿದ್ದಿದ್ದರೆ, ಒಬ್ಬ ಹೆಣ್ಣನ್ನು ಕಂಡು ರಾಜನ ನಿದ್ದೆ ಹಾರಿಹೋದದ್ದನ್ನು ಹೇಳಲು ಅಷ್ಟು ಪದ್ಯ ಯಾಕೆ ಬರೆಯುತ್ತಿದ್ದ? ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತಲ್ಲ ಎಂದು ಕೇಳುತ್ತೇನೆ. ಹುಡುಗರು ನಗುತ್ತಾರೆ. ಮೇಡಂಗೆ ಇವತ್ತು ಮೂಡ್ ಬಂದಿದೆ ಅಂದುಕೊಳ್ಳುತ್ತಾರೆ. ಆಗ ನನ್ನ ತಲೆಯಲ್ಲಿರುವವಳು ಕಾವ್ಯದ ನಾಯಕಿಯಲ್ಲ, ನನ್ನ ಅತ್ತೆ, ಅಪ್ಪನ ತಂಗಿ.

ನಮ್ಮದು ಹಾನುಬಾಳಿನಿಂದ ಒಳಗೆ, ಜೀಪು ರಸ್ತೆಯ ಕೊನೆಯಲ್ಲಿ ಒಂದು ಸಣ್ಣ ಕಾಫಿ ತೋಟ. ದೊಡ್ಡ ಎಸ್ಟೇಟಿನವರ ಮುಂದೆ ಅಪ್ಪ ಅದನ್ನು ತೋಟ ಎನ್ನುತ್ತಿದ್ದ, ಬರೀ ಗದ್ದೆ ಇರುವವರ ಮುಂದೆ ಎಸ್ಟೇಟ್ ಎನ್ನುತ್ತಿದ್ದ. ಫೆಬ್ರವರಿ ಹೊತ್ತಿಗೆ ಕೊಯ್ಲು ಮುಗಿದು, ಕಾಫಿ ಒಣಗಿ, ಮೂಟೆಗಳು ಸ್ಟೋರ್ ಸೇರುತ್ತಿದ್ದವು. ಆಮೇಲೆ ಹೂಮಳೆಗೆ ಕಾಯುವುದು. ಗಿಡದಲ್ಲಿ ಮೊಗ್ಗು ಕಟ್ಟಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಹೂವಾಗುತ್ತದೆ, ಬೀಳದಿದ್ದರೆ ಗಿಡದಲ್ಲೇ ಕರಕಾಗುತ್ತದೆ. ಕಾಯುವ ಆ ದಿನಗಳಲ್ಲಿ ಮಳೆಗಾಗಿ ಕಾವ್ಯ ಓದಿಸುವುದು ನಮ್ಮ ಕಡೆಯ ಪದ್ಧತಿ. ಖಾಲಿಯಾದ ಕಾಫಿ ಕಣದಲ್ಲಿ ಚಾಪೆ ಹಾಸಿ, ಕೆಲಸ ಮುಗಿಸಿ ಕೈಕಾಲು ತೊಳೆದು ಬಂದವರೆಲ್ಲ ಕೂರುತ್ತಿದ್ದರು. ಒಬ್ಬರು ಪದ್ಯ ಹಾಡುವುದು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥ ಹೇಳುವುದು. ನಮ್ಮೂರಲ್ಲಿ ಅರ್ಥ ಹೇಳುತ್ತಿದ್ದವನು ಅಪ್ಪ.

ಓದು ಶುರುವಾದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ಮಳೆ ಬಂದರೂ ಸರಿ, ಬರದಿದ್ದರೂ ಸರಿ, ಕೊನೆಯ ದಿನದ ಮಂಗಳದವರೆಗೆ ಮುಗಿಸಲೇಬೇಕು. ಅರ್ಧಕ್ಕೆ ಬಿಟ್ಟರೆ ಓದಿಸಿದ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ನಂಬಿಕೆ. ಇನ್ನೊಂದು ಕಟ್ಟಳೆಯೂ ಇತ್ತು. ಪ್ರತಿ ಸಂಜೆ ಪುಸ್ತಕವನ್ನು ಬಟ್ಟೆಯಲ್ಲಿ ಕಟ್ಟುವ ಮೊದಲು ಅರ್ಥ ಹೇಳುವವನು 'ಯಾರಿಗಾದ್ರೂ ಸಂದೇಹ ಐತಾ?' ಎಂದು ಕೇಳಬೇಕು. ಯಾರಾದರೂ ಸಂದೇಹ ಎತ್ತಿದರೆ, ಉತ್ತರ ಹೇಳುವ ತನಕ ಪುಸ್ತಕ ಕಟ್ಟಬಾರದು, ಅದರ ಮುಂದಿನ ದೀಪ ಆರಿಸಬಾರದು. ಏಳುತ್ತಿದ್ದ ಸಂದೇಹಗಳಾದರೂ ಎಂಥವು! ಕಾಡಿನಲ್ಲಿದ್ದಷ್ಟು ವರ್ಷ ಅವರಿಗೆ ಉಪ್ಪು ಎಲ್ಲಿಂದ ಬರುತ್ತಿತ್ತು, ಅಷ್ಟು ದೊಡ್ಡ ಸೈನ್ಯಕ್ಕೆ ಮುದ್ದೆ ಯಾರು ತೊಳಸುತ್ತಿದ್ದರು. ಅಪ್ಪ ಎಲ್ಲಕ್ಕೂ ಗಂಭೀರವಾಗಿಯೇ ಉತ್ತರ ಕೊಡುತ್ತಿದ್ದ. ಕೇಳುತ್ತಿದ್ದವರೆಲ್ಲ ಗಂಡಸರು. ಹೆಂಗಸರಿಗೆ ಸಂದೇಹ ಬರುವುದಿಲ್ಲ ಎಂದೇನೂ ಯಾರೂ ಹೇಳಿರಲಿಲ್ಲ, ಆದರೆ ಅವರು ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಪದ್ಯ ಓದುತ್ತಿದ್ದವರು ಪಕ್ಕದ ದೊಡ್ಡ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಹಾಕುವುದು, ಕೊಯ್ಲಿನ ತೂಕ ನೋಡುವುದು ಅವರ ಕೆಲಸ. ಮೂಲತಃ ವನಗೂರಿನ ಕಡೆಯವರು, ನಮ್ಮ ಜನವೇ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಆಳುಗಳ ಮೇಲೆ ಜೋರು ಮಾಡಲೂ ಬಾರದ ಮೆತ್ತನೆಯ ಮನುಷ್ಯ. ಯಾರೇನು ಹೇಳಿದರೂ 'ಆಯ್ತು ಆಯ್ತು' ಎನ್ನುವುದೇ ಅಭ್ಯಾಸ. ಪದ್ಯಕ್ಕೆ ಬಾಯಿ ತೆರೆದರೆ ಮಾತ್ರ ಬೇರೆಯೇ ಆಸಾಮಿ. ಕಾವ್ಯದ ರಾಜ ಅತ್ತರೆ ಅವರ ದನಿ ನಡುಗುತ್ತಿತ್ತು, ರಾಣಿ ಹಟ ಹಿಡಿದರೆ ದನಿಯೂ ಹಟ ಹಿಡಿಯುತ್ತಿತ್ತು. ಅಪ್ಪನಿಗೂ ಅವರಿಗೂ ಒಳ್ಳೆಯ ಜೋಡಿ ಕೂಡಿತ್ತು. ಅವರು ಬರುವುದು ಸ್ವಲ್ಪ ತಡವಾದರೂ ಅಪ್ಪ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದ.

ಅತ್ತೆಯನ್ನು ಬಾಳ್ಳುಪೇಟೆಗೆ ಕೊಟ್ಟಿದ್ದರು. ಮಾವನದು ಹೆದ್ದಾರಿಯ ಪಕ್ಕ ಗೊಬ್ಬರದ ಅಂಗಡಿ. ಮದುವೆಯಾದ ಕೆಲವೇ ವರ್ಷಗಳಲ್ಲಿ, ಒಂದು ಸಂಜೆ ಅಂಗಡಿ ಬಾಗಿಲು ಹಾಕಿ ರಸ್ತೆ ದಾಟುವಾಗ ಲಾರಿ ಬಡಿದು ಹೋಗಿಬಿಟ್ಟರು. ಅತ್ತೆ ತವರಿಗೆ ಬಂದಳು. ಬಂದವಳು ಮೂಲೆಯಲ್ಲಿ ಕೂತು ಕಣ್ಣೀರು ಹಾಕುವ ಪೈಕಿಯಲ್ಲ. ಕಾಫಿ ಒಣಗಿಸುವ ಕಣಕ್ಕೆ ಅವಳೇ ಯಜಮಾನಿಯಾದಳು. ಒಂದು ಹಿಡಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದು ಕೇಳಿ, ಇನ್ನೆರಡು ಬಿಸಿಲು ಬೇಕು ಎನ್ನುತ್ತಿದ್ದಳು. ಜೋರಾಗಿ ನಗುತ್ತಿದ್ದಳು. ಅವಳ ನಗು ಕೇಳಿ ಮೂಗು ಮುರಿದವರಿಗೆ ಇನ್ನೂ ಸ್ವಲ್ಪ ಜೋರಾಗಿ ನಕ್ಕು ತೋರಿಸುತ್ತಿದ್ದಳು. ನನಗೆ ಅವಳೆಂದರೆ ಜೀವ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಒಂದು ವರ್ಷದ ಮಾತು. ಆಗ ತಾನೇ ಎಂ.ಎ. ಮುಗಿಸಿ ಸಕಲೇಶಪುರದಲ್ಲಿ ಕನ್ನಡ ಪಾಠ ಹೇಳಲು ಸೇರಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋದರೆ ಓದಿನ ಹೊತ್ತಿಗೆ ವಾಪಸ್ಸು. ಆ ಸಲದ ಓದು ಶುರುವಾಗಿ ಒಂದು ವಾರ ಕಳೆದಿತ್ತು. ಹಾನುಬಾಳಿನ ಸಂತೆಯಲ್ಲಿ ರೈಟರ್ ನನ್ನ ಅವ್ವನನ್ನು ಕಂಡು, ಅಪ್ಪನ ಮುಂದೆ ಆಡಲಾಗದ ಮಾತನ್ನು ಅವಳ ಮುಂದೆ ಆಡಿದರು. ಅತ್ತೆಯನ್ನು ಮದುವೆಯಾಗಬೇಕು ಎಂದಿದೆ, ನೀವೇ ಯಜಮಾನರ ಹತ್ತಿರ ಪ್ರಸ್ತಾಪ ಮಾಡಿ, ಅಂತ. ಅವ್ವ ಮನೆಗೆ ಬಂದು ಮೊದಲು ಅತ್ತೆಯನ್ನೇ ಕೇಳಿದಳು. ನಾನು ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ.

ಅತ್ತೆ ತಡಮಾಡಲಿಲ್ಲ. "ನಂಗೂ ಬೇಕು ಅನ್ಸೈತೆ ಅತ್ತಿಗೆ" ಎಂದಳು. "ಅವ್ರು ಓದೋಕೆ ಕೂತ್ರೆ ನಂಗೆ ಅರ್ಥ ಹೇಳೋರೇ ಬೇಡ."

ಆ ರಾತ್ರಿ ಊಟದ ಹೊತ್ತಿಗೆ ಅವ್ವ ಅಪ್ಪನಿಗೆ ವಿಷಯ ತಿಳಿಸಿದಳು. ಅಪ್ಪ ತಟ್ಟೆ ಸರಿಸಿ ಎದ್ದ. "ಇಷ್ಟು ವರ್ಷ ಪಕ್ಕದಲ್ಲಿ ಕೂರಿಸ್ಕಂಡು ಓದ್ಸಿದ್ದು ಇದಕ್ಕಾ?" ಎಂದ. ಹಿಂದೆ ನಮ್ಮಲ್ಲಿ ಗಂಡ ಸತ್ತವರಿಗೆ ಮತ್ತೆ ಮದುವೆ ಮಾಡುವ ಕೂಡಿಕೆ ಎಂಬ ಪದ್ಧತಿ ಇತ್ತಂತೆ. ಅವ್ವ ಅದನ್ನು ನೆನಪಿಸಿದಳು. ನಾಲ್ಕು ಕಾಸು ಕಂಡ ಮೇಲೆ ಮನೆತನದವರೆಲ್ಲ ಅದನ್ನು ಬಿಟ್ಟಿದ್ದರು, ಬಿಟ್ಟದ್ದನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದರು. ಅಪ್ಪ ಕೊನೆಗೆ ನನ್ನ ಕಡೆ ಕೈ ತೋರಿಸಿ, "ಮನೇಲಿ ಮದ್ವೆಗೆ ಬಂದ ಮಗಳವ್ಳೆ. ನಾಳೆ ಇವಳ್ನ ಕೇಳ್ಕಂಡು ಯಾರು ಬತ್ತಾರೆ?" ಎಂದ. ನನ್ನನ್ನು ಅಡ್ಡ ಇಟ್ಟದ್ದು ಕೇಳಿ ಮೈ ಉರಿದುಹೋಯಿತು. ಹಾಗೆ ಬರದೇ ಇರುವವರು ಬರದಿದ್ದರೇ ನನಗೆ ಒಳ್ಳೆಯದು ಎಂದೆ. ಅಪ್ಪನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವನ ಮನಸ್ಸಿನಲ್ಲಿ ಬೇರೆ ಭಯವೂ ಇತ್ತು ಎಂದು ಈಗ ಅನ್ನಿಸುತ್ತದೆ. ಮನೆ ನಡೆಸುವ ತಂಗಿ, ಕಾವ್ಯ ಓದುವ ಗೆಳೆಯ, ಇಬ್ಬರೂ ಒಟ್ಟಿಗೆ ಹೊರಟು ಹೋಗುತ್ತಾರಲ್ಲ ಎಂಬ ಭಯ.

ರೈಟರಿಗೆ ಆಗುವುದಿಲ್ಲ ಎಂಬ ಉತ್ತರ ಹೋಯಿತು. ಬೇರೆ ಕಾಲವಾಗಿದ್ದರೆ ಅವರು ನಮ್ಮ ಗೇಟಿನ ಕಡೆ ತಲೆ ಹಾಕುತ್ತಿರಲಿಲ್ಲ, ಅಪ್ಪನೂ ಕರೆಯುತ್ತಿರಲಿಲ್ಲ. ಆದರೆ ಓದು ಶುರುವಾಗಿಬಿಟ್ಟಿತ್ತು. ನಿಲ್ಲಿಸುವಂತಿರಲಿಲ್ಲ. ಮಾರನೇ ಸಂಜೆ ಅವರು ಬಂದರು. ಅಪ್ಪ ಗೇಟಿಗೆ ಹೋಗಲಿಲ್ಲ. ಒಂದೇ ಚಾಪೆಯ ಮೇಲೆ ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗದಂತೆ ಕೂತರು. ಅತ್ತೆ ಎಂದಿನಂತೆ ಓದುವವರ ಗಂಟಲಿಗೆ ಮೆಣಸಿನ ಕಷಾಯ ತಂದಿಟ್ಟು, ಹೆಂಗಸರ ಜೊತೆ ಹೋಗಿ ಕೂತಳು. ಊರಿನವರಿಗೆ ಏನೂ ಗೊತ್ತಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಸಂತೆಯಲ್ಲಿ ಆಡಿದ ಮಾತು ಊರಿಗೆ ಗೊತ್ತಾಗದೆ ಇರುತ್ತದೆಯೇ?

ಆ ಹಿಂದಿನ ವಾರವೇ ಒಬ್ಬ ರಾಜನ ಕಥೆ ಬಂದಿತ್ತು. ಬೇಟೆಗೆ ಹೋದವನು, ತಲೆ ನರೆತಿದೆ, ಮಗ ಎದೆಯೆತ್ತರ ಬೆಳೆದಿದ್ದಾನೆ. ನದಿಯ ದಡದಲ್ಲಿ ಒಬ್ಬ ಹುಡುಗಿಯನ್ನು ಕಂಡು ಅರಮನೆಗೆ ಬಂದು ಊಟ ನಿದ್ದೆ ಬಿಡುತ್ತಾನೆ. ಅಪ್ಪ ಅದಕ್ಕೆ ಅರ್ಥ ಹೇಳುವಾಗ ಕರಗಿಹೋಗಿದ್ದ. "ಏನ್ ಮಾಡ್ತಾನೆ ಪಾಪ, ಕಿರೀಟ ತೆಗೆದಿಟ್ರೆ ಅವನೂ ಮನುಷ್ಯನೇ ತಾನೆ?" ಎಂದಿದ್ದ. ಗಂಡಸರೆಲ್ಲ ತಲೆದೂಗಿದ್ದರು. ಈಗ ಬಂದದ್ದು ಇನ್ನೊಂದು ಕಥೆ. ಒಬ್ಬ ಹೆಣ್ಣು ಒಬ್ಬ ವೀರನನ್ನು ಕಂಡು, ತಾನಾಗಿಯೇ ಅವನಿದ್ದಲ್ಲಿಗೆ ಬಂದು, ನೀನು ನನಗೆ ಬೇಕು ಎನ್ನುತ್ತಾಳೆ. ರೈಟರ್ ಆ ಪದ್ಯಗಳನ್ನು ತಲೆ ಎತ್ತದೆ ಓದಿದರು. ಅಪ್ಪ ಅರ್ಥ ಹೇಳಲು ಶುರು ಮಾಡಿದ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

"ನಾಚಿಕೆ ಬುಟ್ಟವಳು!" ಎಂದ. "ಹೆಣ್ಣಾಗಿ ಹುಟ್ಟಿ ತಾನೇ ಬಾಯಿಬುಟ್ಟು ಕೇಳೋದಾ? ಇಂಥೋರಿಂದ್ಲೇ ಮನೆತನ ಹಾಳಾಗೋದು."

ಪದ್ಯದಲ್ಲಿ ಮನೆತನದ ಸುದ್ದಿಯೇ ಇರಲಿಲ್ಲ. ಆ ಮಾತು ಕಣ ದಾಟಿ ಹೆಂಗಸರು ಕೂತ ಕಡೆಗೆ ಹೋಯಿತೆಂದು ಎಲ್ಲರಿಗೂ ಗೊತ್ತಾಯಿತು. ನಾನು ಅತ್ತೆಯ ಕಡೆ ನೋಡಲಾರದೆ ಕೂತಿದ್ದೆ. ಅಪ್ಪ ಪುಸ್ತಕ ಮುಚ್ಚಲು ಕೈ ಹಾಕಿ, ರೂಢಿಯ ಪ್ರಕಾರ ಕೇಳಿದ: "ಯಾರಿಗಾದ್ರೂ ಸಂದೇಹ ಐತಾ?"

"ನಂಗೈತೆ" ಎಂದಳು ಅತ್ತೆ.

ಅವಳು ಎದ್ದು ನಿಂತಿದ್ದಳು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಅಣ್ಣಯ್ಯ, ಅವತ್ತು ಆ ರಾಜನಿಗೆ ಬೇಕು ಅನ್ಸಿದ್ದಕ್ಕೆ ಪಾಪ, ಮನುಷ್ಯ ತಾನೆ ಅಂದೆ. ಇವತ್ತು ಇವಳಿಗೆ ಬೇಕು ಅನ್ಸಿದ್ದಕ್ಕೆ ನಾಚಿಕೆ ಬುಟ್ಟವಳು ಅಂದೆ. ಪದ್ಯದಲ್ಲೇ ಹಂಗೈತಾ, ಇಲ್ಲಾ ಅರ್ಥ ಹೇಳೋವಾಗ ಹಂಗಾಯ್ತಾ?"

ಕಣದ ಅಂಚಿನಲ್ಲಿ ಕೂತಿದ್ದ ಮೇಲುಮನೆಯ ಅಜ್ಜ, ಊರಿಗೇ ಹಿರಿಯರು, "ಸರಿಯಾಗೇ ಕೇಳೈತೆ ಕಣೋ ಹುಡುಗಿ. ಹೇಳು ಮಾರಾಯ" ಎಂದರು. ಅಪ್ಪ ರೈಟರ ಕಡೆ ತಿರುಗಿ ಪದ್ಯ ಇನ್ನೊಮ್ಮೆ ಓದಿ ಎಂದ. ಅವರು ಓದಿದರು. ಆ ದನಿಯನ್ನು ಏನೆಂದು ಹೇಳಲಿ? ಅವಳು ಬಂದಳು, ನಿಂತಳು, ಕೇಳಿದಳು, ಪದ್ಯದಲ್ಲಿ ಇದ್ದದ್ದು ಇಷ್ಟೇ. ನಾಚಿಕೆ ಬಿಟ್ಟಳು ಎಂದು ಕವಿ ಎಲ್ಲೂ ಬರೆದಿರಲಿಲ್ಲ. ಅಪ್ಪ ಪುಸ್ತಕವನ್ನೇ ನೋಡುತ್ತಾ ಕೂತಿದ್ದು, "ನಾಳೆ ಹೇಳ್ತೀನಿ" ಎಂದು ಎದ್ದುಹೋದ. ನಮ್ಮ ಕಣದಲ್ಲಿ ಹಾಗೆ ಹಿಂದೆಂದೂ ಆಗಿರಲಿಲ್ಲ. ತೆರೆದ ಪುಸ್ತಕವನ್ನು ಹಾಗೇ ಒಳಗೆ ತಂದು ದೇವರ ಕೋಣೆಯಲ್ಲಿಟ್ಟರು. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಅತ್ತೆ ಅದರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

ಮರುದಿನ ಕಣ ತುಂಬಿಹೋಗಿತ್ತು. ಓದಿಗೆ ಎಂದೂ ಬಾರದ, ಕೂಲಿಯವರ ಲೈನಿನ ಹೆಂಗಸರೂ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಅಪ್ಪ ಬಂದು ಕೂತ. ಒಂದೇ ದಿನದಲ್ಲಿ ಮುಖ ಇಳಿದಿತ್ತು.

"ನೆನ್ನೆ ಕೇಳಿದ ಸಂದೇಹಕ್ಕೆ ಉತ್ರ ಹೇಳ್ತೀನಿ" ಎಂದ. "ಪದ್ಯದಲ್ಲಿ ನಾಚಿಕೆ ಅನ್ನೋ ಮಾತಿಲ್ಲ. ಅದು ನಾನು ಸೇರ್ಸಿದ್ದು. ಆ ರಾಜನಿಗೆ ಏನಾಯ್ತೋ ಇವಳಿಗೂ ಅದೇ ಆಗಿದ್ದು. ಕವಿ ಇಬ್ರನ್ನೂ ಒಂದೇ ತಕ್ಕಡೀಲಿ ತೂಗವ್ನೆ. ನನ್ನ ಕೈಗೆ ಬಂದಾಗ ತಕ್ಕಡಿ ವಾಲ್ಬುಡ್ತು."

ಮೇಲುಮನೆಯ ಅಜ್ಜ "ಸೈ" ಎಂದರು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗಂತೂ ಅಪ್ಪನನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಊರಿನ ಎದುರು ತಪ್ಪು ಒಪ್ಪಿಕೊಳ್ಳುವ ಗಂಡಸರನ್ನು ನಾನು ಅದುವರೆಗೆ ಪುಸ್ತಕದಲ್ಲೂ ಹೆಚ್ಚು ಕಂಡಿರಲಿಲ್ಲ. ಪುಸ್ತಕ ಕಟ್ಟಿದರು. ಅತ್ತೆಯ ಮದುವೆ ಆಯಿತೆಂದೇ ನಾನು ಲೆಕ್ಕ ಹಾಕಿದೆ.

ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕೂತಿದ್ದಾಗ ಅತ್ತೆ ಕಾಫಿ ಕೊಟ್ಟು ಅಲ್ಲೇ ನಿಂತಳು. "ನೆನ್ನೆ ಹೇಳಿದ್ದು ನಂಗೂ ಸೇರ್ತದಾ ಅಣ್ಣಯ್ಯ?" ಎಂದು ಕೇಳಿದಳು.

ಅಪ್ಪ ಲೋಟದಿಂದ ಕಣ್ಣೆತ್ತಲಿಲ್ಲ. "ಅದು ಪುಸ್ತಕದ ಮಾತು. ಮನೆ ಬೇರೆ" ಎಂದ.

ನಾನು ಬ್ಯಾಗು ಕೆಳಗಿಟ್ಟು ಜಗಳಕ್ಕೆ ನಿಂತೆ. ಹಾಗಾದರೆ ಪುಸ್ತಕ ಓದಿಸುವುದು ಯಾಕೆ, ಸುಮ್ಮನೆ ಮಳೆಗಾ ಎಂದು ಕೇಳಿದೆ. "ನಿಂಗೆ ಸಂಬಳ ಬರೋದು ಪುಸ್ತಕದಿಂದ, ನೀನು ಹಂಗೇ ಅನ್ಬೇಕು" ಎಂದು ಅಪ್ಪ ಎದ್ದು ತೋಟಕ್ಕೆ ಹೋದ. ಆ ದಿನ ನನ್ನ ಬಸ್ಸು ತಪ್ಪಿತು. ಅತ್ತೆ ಅಂದಿನಿಂದ ಅಪ್ಪನಿಗೆ ಬಡಿಸುವಾಗ ಇನ್ನೂ ಬೇಕಾ ಎಂದು ಕೇಳುವುದನ್ನು ನಿಲ್ಲಿಸಿದಳು. ತಟ್ಟೆಗೆ ಹಾಕಿ ಹೋಗಿಬಿಡುತ್ತಿದ್ದಳು. ಅಪ್ಪ ಸಾರು ಬೇಕಾದರೆ ಅವ್ವನನ್ನು ಕೂಗಬೇಕಾಗಿತ್ತು.

ಮಾರ್ಚಿನಲ್ಲಿ ಹೂಮಳೆ ಬಂತು. ಒಂದು ಮಧ್ಯಾಹ್ನ ಗುಡುಗಿ ಚೆನ್ನಾಗಿಯೇ ಸುರಿಯಿತು. ವಾರದೊಳಗೆ ಗಿಡವೆಲ್ಲ ಬೆಳ್ಳಗಾಯಿತು. ಕಣ ಒದ್ದೆಯಾದ್ದರಿಂದ ಓದು ಸ್ಟೋರಿನ ಒಳಗೆ, ಕಾಫಿ ಮೂಟೆಗಳ ನಡುವೆ ನಡೆಯತೊಡಗಿತು. ಅಲ್ಲಿ ಜಾಗ ಇಕ್ಕಟ್ಟು. ಅಪ್ಪನೂ ರೈಟರೂ ಮೊಣಕಾಲು ತಾಗಿಸಿಕೊಂಡೇ ಕೂರಬೇಕಾಯಿತು. ಅಪ್ಪನ ಅರ್ಥ ದಿನದಿನಕ್ಕೆ ಚಿಕ್ಕದಾಗುತ್ತಿತ್ತು. ಮೊದಲೆಲ್ಲ ಕಾವ್ಯದಲ್ಲಿ ಯಾರಾದರೂ ಏನನ್ನಾದರೂ ಬಯಸಿದರೆ ಅದರ ಸರಿತಪ್ಪು ಹೇಳಲು ಅವನಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಈಗ ಒಬ್ಬನಿಗೆ ರಾಜ್ಯ ಬೇಕು, ಇನ್ನೊಬ್ಬಳಿಗೆ ಮಗ ಬೇಕು, ಮತ್ತೊಬ್ಬಳಿಗೆ ಒಂದು ಹೂವು ಬೇಕು ಎಂದು ಪದ್ಯ ಬಂದರೆ, "ಬೇಕಾಗಿತ್ತು, ಕೇಳ್ದ" ಎಂದೋ "ಬೇಕಾಗಿತ್ತು, ಕೇಳಿದ್ಲು" ಎಂದೋ ಹೇಳಿ ಮುಂದಕ್ಕೆ ಓದಿ ಎನ್ನುತ್ತಿದ್ದ. ಅರ್ಥ ಸಪ್ಪೆಯಾಯಿತು ಎಂದು ಊರವರು ಗೊಣಗಿದರು. ನನಗೆ ಅದು ಆ ತನಕ ಅವನು ಹೇಳಿದ ಅರ್ಥಗಳಲ್ಲೆಲ್ಲ ಒಳ್ಳೆಯದು ಎನ್ನಿಸುತ್ತಿತ್ತು.

ಅವ್ವ ಬಿಟ್ಟಿರಲಿಲ್ಲ. ಒಂದು ದಿನ ಅಂಗಳದಲ್ಲಿ ಅಪ್ಪನಿಗೆ ನೇರವಾಗಿ ಹೇಳಿದ್ದು ಕೇಳಿಸಿತು. "ನಾನು ಸತ್ತಿದ್ರೆ ವರ್ಷ ತುಂಬೋದ್ರೊಳಗೆ ನಿಮಗೆ ಇನ್ನೊಂದು ಹುಡುಕ್ತಿದ್ರು ಕಣ್ರೀ. ಊರೇ ನಿಂತು ಮಾಡ್ಸೋದು. ನಿಮ್ಮ ತಂಗೀನೇ ಚಪ್ಪರಕ್ಕೆ ಸೊಪ್ಪು ತರ್ಸೋಳು." ಕತ್ತಿ ಮಸೆಯುತ್ತಿದ್ದ ಅಪ್ಪ ಅದನ್ನು ಅರ್ಧಕ್ಕೇ ಕೆಳಗಿಟ್ಟ.

ಮಂಗಳದ ದಿನ ಬಂತು. ಅಂದು ಓದು ಮುಗಿದ ಮೇಲೆ ಮನೆಯ ಯಜಮಾನ ಓದಿದವರಿಗೆ ಪಂಚೆ, ತೆಂಗಿನಕಾಯಿ, ವೀಳ್ಯ ಇಟ್ಟ ತಟ್ಟೆ ಹಿಡಿದು, ಎಲ್ಲರ ಎದುರು 'ಏನು ಬೇಕು?' ಎಂದು ಕೇಳಬೇಕು. ಓದಿದವರು ಏನನ್ನು ಕೇಳಿದರೂ ಆ ದಿನ ಇಲ್ಲ ಎನ್ನುವಂತಿಲ್ಲ. ಅದಕ್ಕೇ ಮರ್ಯಾದಸ್ಥರು ಏನನ್ನೂ ಕೇಳುತ್ತಿರಲಿಲ್ಲ, 'ಸಾಕು' ಎಂದು ತಟ್ಟೆ ತೆಗೆದುಕೊಳ್ಳುತ್ತಿದ್ದರು. ಹಿಂದೆ ಅಜ್ಜನ ಕಾಲದಲ್ಲಿ ಒಬ್ಬರು ಹಾಲು ಕರೆಯುವ ಹಸುವನ್ನೇ ಕೇಳಿ, ಹೊಡೆದುಕೊಂಡು ಹೋಗಿದ್ದರಂತೆ. ಅಂದು ಬೆಳಿಗ್ಗೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದ.

"ಇವತ್ತು ಅವನು ಬಾಯಿಬುಟ್ಟು ಕೇಳ್ಲಿ. ಎಲ್ಲರ ಮುಂದೆ ಕೇಳ್ಲಿ. ಕೇಳಿದ್ರೆ ನಾನು ಇಲ್ಲ ಅನ್ನಾಕಿಲ್ಲ."

ಒಳಗಿದ್ದ ಅತ್ತೆಯ ಕೈಯಲ್ಲಿ ಒನಕೆ ನಿಂತಿತು. ಅವ್ವನಿಗೆ ಸಂತೋಷ ತಡೆಯಲಾಗದೆ, ಈಗಲೇ ಯಾರನ್ನಾದರೂ ಕಳಿಸಿ ರೈಟರಿಗೆ ಹೇಳಿಸುತ್ತೇನೆ ಎಂದು ಹೊರಟಳು. ಅತ್ತೆ ಅವಳ ಕೈ ಹಿಡಿದುಕೊಂಡಳು. "ಬ್ಯಾಡಿ ಅತ್ತಿಗೆ. ಹೇಳಿ ಕೇಳ್ಸೋದು ಬ್ಯಾಡ. ಅವ್ರೇ ಕೇಳ್ಲಿ" ಎಂದಳು. ಆಮೇಲೆ ತಲೆಗೆ ಎರೆದುಕೊಂಡಳು. ಅಷ್ಟು ವರ್ಷಗಳಿಂದ ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟಳು. ಸೆರಗು ಸರಿಯಾಗಿದೆಯಾ ಎಂದು ನನ್ನನ್ನು ಕೇಳುವಾಗ ಅವಳ ದನಿ ಹತ್ತನೇ ತರಗತಿಯ ಹುಡುಗಿಯ ದನಿಯಂತಿತ್ತು.

ಸಂಜೆ ಕೊನೆಯ ಪದ್ಯ ಓದಿ, ಆರತಿ ಎತ್ತಿದರು. ಅಪ್ಪ ತಟ್ಟೆ ಹಿಡಿದು ರೈಟರ ಮುಂದೆ ನಿಂತ. "ಏನು ಬೇಕು, ಕೇಳಿ" ಎಂದ. ಅತ್ತೆ ಸ್ಟೋರಿನ ಬಾಗಿಲಿನ ಹತ್ತಿರ ಇದ್ದಳು. ರೈಟರ್ ಕೈಮುಗಿದು, "ನಿಮ್ಮನೆ ತಣ್ಣಗಿರ್ಲಿ. ಅಷ್ಟೇ ಸಾಕು" ಎಂದರು. ಎಲ್ಲರೂ ಹೇಳುತ್ತಿದ್ದದ್ದು ಅದೇ ಮಾತು. ತಟ್ಟೆ ಅವರ ಕೈಗೆ ಹೋಗಬೇಕಿತ್ತು. ಅಪ್ಪ ಕೊಡಲಿಲ್ಲ.

"ಇನ್ನೊಂದ್ಸಲ ಯೋಚ್ನೆ ಮಾಡಿ ರೈಟ್ರೇ" ಎಂದ. "ಏನು ಬೇಕಾದ್ರೂ ಕೇಳ್ಬೋದು. ನಾನು ಕೊಡ್ತೀನಿ."

ಅಪ್ಪ ಯಾರನ್ನೂ ಹಾಗೆ ಅಂಗಲಾಚಿದ್ದನ್ನು ನಾನು ನೋಡಿರಲಿಲ್ಲ. ಸ್ಟೋರಿನಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಮೇಲುಮನೆಯ ಅಜ್ಜ ಊರುಗೋಲಿನ ಮೇಲೆ ಮುಂದಕ್ಕೆ ಬಾಗಿದರು. ರೈಟರಿಗೂ ಅರ್ಥವಾಯಿತು, ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಬಾಗಿಲ ಕಡೆ ನೋಡಲಿಲ್ಲ. ಸುತ್ತ ಕೂತ ಜನರನ್ನು ನೋಡಿದರು, ತಟ್ಟೆಯನ್ನು ನೋಡಿದರು.

"ಬೇರೇನೂ ಬ್ಯಾಡ. ಸಾಕು" ಎಂದರು.

ಕಾವ್ಯದಲ್ಲಿ ಬೇಕು ಎಂದವರಿಗೆ ಶಾಪ ತಟ್ಟುತ್ತದೆ, ರಾಜ್ಯ ಹೋಗುತ್ತದೆ, ಕುಲವೇ ನಾಶವಾಗುತ್ತದೆ. ಅವರ ಕಥೆಗಳನ್ನು ನಾನು ವರ್ಷ ವರ್ಷ ಪಾಠ ಮಾಡುತ್ತೇನೆ. ಬೇಕಾಗಿದ್ದೂ ಸಾಕು ಎಂದವರ ಕಥೆಯನ್ನು ಯಾವ ಕವಿಯೂ ಬರೆದಂತೆ ನಾನು ಕಾಣೆ. ಬರೆಯಲು ಅದರಲ್ಲಿ ಏನೂ ಇಲ್ಲ ಎಂದುಕೊಂಡಿರಬೇಕು. ನಾನು ನೋಡಿದ ಜನರೆಲ್ಲ ಹೆಚ್ಚುಕಡಿಮೆ ಆ ಜಾತಿಯವರೇ. ಅಂದು ಸ್ಟೋರಿನಲ್ಲಿ ಪಾಯಸ ಹಂಚಿದರು. ಹಸಿರು ಸೀರೆಯುಟ್ಟ ಅತ್ತೆಯೇ ಬಡಿಸಿದಳು.

ಅಪ್ಪನ ಹಟ ಈಗ ತಿರುಗಿಬಿದ್ದಿತ್ತು. ಒಮ್ಮೆ ಕೊಡುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಕೊಡದೆ ಇರಲು ಅವನಿಗಾಗಲಿಲ್ಲ. ಕೆಲವು ದಿನ ಕಳೆದು ತಾನೇ ಪಕ್ಕದ ಎಸ್ಟೇಟಿಗೆ ಹೋಗಿ, ನಿಮ್ಮ ಕಡೆಯವರನ್ನು ಕರೆದುಕೊಂಡು ಬನ್ನಿ, ನಮ್ಮದೇನೂ ಅಡ್ಡಿಯಿಲ್ಲ ಎಂದು ಹೇಳಿಬಂದ. ಆ ಭಾನುವಾರ ಬಾಡಿಗೆ ಜೀಪಿನಲ್ಲಿ ರೈಟರ್ ತಮ್ಮ ಅಣ್ಣನೊಂದಿಗೆ ಬಂದರು. ಮಂಗಳದ ದಿನ ನಾವು ಕೊಟ್ಟ ಪಂಚೆ ಉಟ್ಟಿದ್ದರು. ಮುಖದಲ್ಲಿ ಸಂತೋಷ ಹೊಳೆಯುತ್ತಿತ್ತು, ಅದನ್ನು ಮುಚ್ಚಿಡಲೂ ಅವರಿಗೆ ತಿಳಿಯುತ್ತಿರಲಿಲ್ಲ. ಅವ್ವ ಉಪ್ಪಿಟ್ಟು ತಂದಿಟ್ಟಳು. ಮಾತು ದಿನ ನೋಡುವ ತನಕ ಬಂದಾಗ ಅತ್ತೆ ಒಳಗಿನಿಂದ ತಾನಾಗಿಯೇ ಹೊರಗೆ ಬಂದಳು.

"ಅವತ್ತು ಅಷ್ಟು ಜನದ ಮುಂದೆ ಏನು ಬೇಕು ಅಂತ ಅಣ್ಣಯ್ಯ ಎರಡು ಸಲ ಕೇಳ್ತು" ಎಂದು ನೇರವಾಗಿ ರೈಟರಿಗೇ ಹೇಳಿದಳು. "ನೀವು ಸಾಕು ಅಂದ್ರಿ."

ರೈಟರ್ ಎದ್ದು ನಿಂತರು. "ಹೆದರ್ಕಂಡೆ" ಎಂದರು. "ಊರೆಲ್ಲ ಕೂತಿತ್ತು. ಯಜಮಾನ್ರಿಗೆ ಅವಮಾನ ಆಗ್ತದೇನೋ ಅಂತ..."

"ನಾನು ಸಂದೇಹ ಕೇಳ್ದಾಗ್ಲೂ ಊರೆಲ್ಲ ಕೂತಿತ್ತು. ನಾನೂ ಹೆದರ್ಕಂಡೇ ಕೇಳಿದ್ದು." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಬರೀ ಒಂದು ಮದ್ವೆ ಬೇಕಾಗಿರ್ಲಿಲ್ಲ ಕಣ್ರೀ. ಇವಳು ನಂಗೆ ಬೇಕು ಅಂತ ಒಬ್ರು ಬಾಯಿಬುಟ್ಟು ಹೇಳೋದು ಬೇಕಾಗಿತ್ತು. ಉಪ್ಪಿಟ್ಟು ತಿನ್ಕಂಡು ಹೋಗಿ."

ಯಾರೂ ತಿನ್ನಲಿಲ್ಲ. ಜೀಪು ಇಳಿಜಾರಿನಲ್ಲಿ ಹೋದ ಸದ್ದು ಸುಮಾರು ಹೊತ್ತು ಕೇಳಿಸಿತು. ಆ ವರ್ಷವೇ ರೈಟರ್ ಕೆಲಸ ಬಿಟ್ಟು ವನಗೂರಿನ ಕಡೆ ಹೊರಟುಹೋದರು. ಮರುವರ್ಷ ಬೇರೆ ಯಾರನ್ನೋ ಕರೆಸಿ ಓದಿಸಿದರು, ಅಪ್ಪ ಅರ್ಥ ಹೇಳಲು ಕೂರಲಿಲ್ಲ. ಆ ಭಾನುವಾರ ಅಪ್ಪ ಅಂಗಳದಲ್ಲೇ ನಿಂತಿದ್ದ, ಜೀಪು ಹೋದ ದಾರಿಯ ಕಡೆ ಮುಖ ಮಾಡಿ. ಅವ್ವ ಅಡುಗೆಮನೆಗೆ ನುಗ್ಗಿ ಅತ್ತೆಯ ಮೇಲೆ ಹರಿಹಾಯ್ದಳು.

"ತಂದು ಕೈಗಿಟ್ಟಿದ್ನ ಬುಟ್ಬುಟ್ಟೆಯಲ್ಲೇ ಮಾರಾಯ್ತಿ!"

"ಕೈಗಿಟ್ಟಿದ್ದು ಅಣ್ಣಯ್ಯ, ಅತ್ತಿಗೆ" ಎಂದಳು ಅತ್ತೆ. "ಅವ್ರಲ್ಲ."

ಹೇಳಿ ಒಲೆಯ ಮುಂದೆ ಕೂತಳು. ಆಮೇಲೆ ಅಳತೊಡಗಿದಳು. ಮಾವ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವ್ವ ಸಿಟ್ಟಿಳಿದು, ಪಕ್ಕದಲ್ಲಿ ಕೂತು, ಇಷ್ಟು ಸಂಕಟವಾಗುವುದಾದರೆ ನೀನು ಯಾಕೆ ಬೇಡ ಎಂದೆ, ಈಗಲೂ ಯಾರನ್ನಾದರೂ ಕಳಿಸಿದರೆ ತಿರುಗಿ ಬರುತ್ತಾರೆ ಎಂದಳು. ಅತ್ತೆ ತಲೆ ಅಲ್ಲಾಡಿಸಿದಳು. ಬೇಡ ಎಂದು ಕಳಿಸಿದವಳಿಗೆ ಇನ್ನೂ ಅವರೇ ಬೇಕಾಗಿದ್ದರು.